ಊರ ಪಡೆಯ ರೇಷ್ಮೆ: ಅಮೆರಿಕದ ಮಿಲಿಶಿಯಾ ಬಾವುಟಗಳ ಚರಿತ್ರೆ ಮತ್ತು ಸಂಗ್ರಹ

1634ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಪಡೆ ಹಿಡಿದು ನಡೆಯುತ್ತಿದ್ದದ್ದು ಇಂಗ್ಲೆಂಡಿನ ಬಾವುಟ. ಅದರ ಮೂಲೆಯಲ್ಲಿ ಸಂತ ಜಾರ್ಜನ ಕೆಂಪು ಶಿಲುಬೆಯಿತ್ತು. ಕ್ಯಾಥೊಲಿಕ್ ಕುರುಹುಗಳನ್ನು ಸಹಿಸದ ಪ್ಯೂರಿಟನ್ ಪಂಥದ ಮುಖಂಡ ಜಾನ್ ಎಂಡಿಕಾಟ್‌ಗೆ ಅದು ಪೋಪನ ಗುರುತಾಗಿ ಕಂಡಿತು. ಬಾವುಟದಿಂದ ಅದನ್ನು ಕತ್ತರಿಸಿ ಹಾಕಿದ. ಸುದ್ದಿ ಲಂಡನ್ನಿಗೆ ಮುಟ್ಟಿದರೆ ರಾಜದ್ರೋಹವೆನಿಸೀತೆಂದು ಹೆದರಿದ ವಸಾಹತಿನ ಸಭೆ, ಮುಂದಿನ ವರ್ಷ ಅವನನ್ನು ಒಂದು ವರ್ಷದ ಮಟ್ಟಿಗೆ ಅಧಿಕಾರದಿಂದ ದೂರವಿಟ್ಟಿತು. ಆದರೂ ಶಿಲುಬೆ ಊರ ಪಡೆಗಳಿಗೆ ಮರಳಲಿಲ್ಲ. 1636ರ ಹೊತ್ತಿಗೆ ಅವು ಶಿಲುಬೆಯಿಲ್ಲದ ತಮ್ಮದೇ ಬಾವುಟಗಳನ್ನು ಹಿಡಿದವು; ರಾಜನ ಬಾವುಟ ಬಾಸ್ಟನ್ ಬಂದರಿನ ಕ್ಯಾಸಲ್ ದ್ವೀಪದ ಕೋಟೆಗೆ ಸೀಮಿತವಾಯಿತು. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೆ ನೂರನಲವತ್ತು ವರ್ಷ ಮೊದಲೇ, ತನ್ನ ಬಾವುಟದ ಮೇಲೆ ಏನಿರಬೇಕು ಎಂಬುದನ್ನು ಒಂದು ಊರು ತಾನೇ ತೀರ್ಮಾನಿಸಿತ್ತು.

ಮಿಲಿಶಿಯಾ ಬಾವುಟಗಳನ್ನು ಕುರಿತ ಬಹುಪಾಲು ಬರಹ ಈ ಸ್ಥಳೀಯ ಹಕ್ಕನ್ನು ಮರೆತುಬಿಡುತ್ತದೆ. ನಕ್ಷತ್ರ ಮತ್ತು ಪಟ್ಟೆಗಳ ರಾಷ್ಟ್ರಧ್ವಜ ಎಲ್ಲಿಂದ ಬಂತು ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ. ಆಮೇಲೆ ಸಿಕ್ಕ ಹಳೆಯ ಬಾವುಟಗಳನ್ನೆಲ್ಲ ಅದರ ಮುತ್ತಜ್ಜನ ಸ್ಥಾನದಲ್ಲಿ ಕೂರಿಸುವ ಪ್ರಯತ್ನ ನಡೆಯುತ್ತದೆ. ಸಂಗ್ರಾಹಕರ ಹಣ ಹರಿದದ್ದೂ ಹೆಚ್ಚಾಗಿ ಆ ದಿಕ್ಕಿಗೇ. ನನ್ನ ಮಟ್ಟಿಗೆ ಮಿಲಿಶಿಯಾ ಬಾವುಟ ಮೊದಲಿಗೆ ಒಂದು ಊರಿನ ದಾಖಲೆ. ಯಾರು ಹಣ ಕೊಟ್ಟರು, ಯಾರು ಬರೆದರು, ಯಾರು ಹೊತ್ತರು, ಯಾರ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು ಎಂಬ ವಿವರಗಳಿಲ್ಲದಿದ್ದರೆ ಅದು ಬರಿಯ ಹಳೆಯ ರೇಷ್ಮೆ.

ಮಿಲಿಶಿಯಾ ಎಂದರೆ ಸಂಬಳದ ಸೈನ್ಯವಲ್ಲ. ರೈತ, ಕಮ್ಮಾರ, ಅಂಗಡಿಯವ ವರ್ಷದ ಕೆಲವು ದಿನ ಊರ ಬಯಲಿನಲ್ಲಿ ಕವಾಯತು ಮಾಡಿ, ಗಂಡಾಂತರ ಬಂದಾಗ ಬಂದೂಕು ಹಿಡಿದು ಹೊರಡುವ ವ್ಯವಸ್ಥೆ ಅದು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರ ಪ್ರಭಾವವಿದ್ದ ಪೆನ್ಸಿಲ್ವೇನಿಯಾದಲ್ಲಿ ಅದೂ ಇರಲಿಲ್ಲ. 1747ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಂದು ಕರಪತ್ರ ಬರೆದು ಜನರನ್ನು ಸ್ವಯಂಸೇವಕ ಪಡೆಗಳಾಗಿ ಕೂಡಿಸಿದ. ಬಾವುಟಗಳಿಗೆ ಹಣ ಕೂಡಿಸಿದವರು ಫಿಲಡೆಲ್ಫಿಯಾದ ಹೆಂಗಸರು. ರೇಷ್ಮೆ ತರಿಸಿ, ಚಿತ್ರ ಬರೆಸಿ, ಒಂದೊಂದು ತುಕಡಿಗೂ ಒಪ್ಪಿಸಿದರು. ಚಿತ್ರ ಮತ್ತು ಧ್ಯೇಯವಾಕ್ಯಗಳನ್ನು ಸೂಚಿಸಿದವನು ತಾನೇ ಎಂದು ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1748ರ ಜನವರಿಯಲ್ಲಿ ಅವನ ಪತ್ರಿಕೆಯಲ್ಲೇ ಅಚ್ಚಾದ ಪಟ್ಟಿಯಲ್ಲಿ ಸಿಂಹವಿದೆ, ಒಂದನ್ನೊಂದು ಹಿಡಿದ ಕೈಗಳಿವೆ, ಒಂದು ಆನೆಯೂ ಇದೆ. ಆನೆ ಎಂದೂ ಮಲಗುವುದಿಲ್ಲ, ಅದರ ಆಯುಧ ಸದಾ ಸಿದ್ಧ ಎಂಬುದು ಅಲ್ಲಿ ಕೊಟ್ಟ ಕಾರಣ. ಆನೆಯನ್ನು ಹತ್ತಿರದಿಂದ ಬಲ್ಲ ನಮಗೆ ಅದು ಮಲಗುವುದೂ ಗೊತ್ತು. ಆದರೆ ಯುರೋಪಿನ ಲಾಂಛನ ಪುಸ್ತಕಗಳಲ್ಲಿ ಶತಮಾನಗಳಿಂದ ಬಾಳಿದ್ದ ನಂಬಿಕೆ ಅದು. ಅಟ್ಲಾಂಟಿಕ್ ದಾಟಿ ಒಂದು ವ್ಯಾಪಾರದ ಊರಿನ ಪಡೆಯ ರೇಷ್ಮೆಯ ಮೇಲೆ ಬಂದು ಕೂತಿತ್ತು. ಆ ಬಾವುಟಗಳನ್ನು ಇಂದು ನಾವು ಬಲ್ಲದ್ದು ಮುದ್ರಿತ ಪಟ್ಟಿಯ ಮೂಲಕ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಅಮೆರಿಕನ್ ಕ್ರಾಂತಿಯ ಕಾಲದ ಮೂಲ ಬಾವುಟಗಳು ಉಳಿದಿರುವುದು ಬಹಳ ಕಡಿಮೆ. ತಜ್ಞರು ಸಾಮಾನ್ಯವಾಗಿ ಹೇಳುವ ಸಂಖ್ಯೆ ಮೂವತ್ತರ ಆಸುಪಾಸಿನದು. ಅದರಲ್ಲಿ ವಸಾಹತುಗಳೆಲ್ಲ ಸೇರಿ ಕಟ್ಟಿದ, ಜಾರ್ಜ್ ವಾಷಿಂಗ್ಟನ್ನನ ಕಾಂಟಿನೆಂಟಲ್ ಸೈನ್ಯದ ರೆಜಿಮೆಂಟುಗಳವೂ ಸೇರಿವೆ, ಊರ ಪಡೆಗಳವೂ ಸೇರಿವೆ. ಅಳಿದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ತೆಳು ರೇಷ್ಮೆಯ ಮೇಲೆ ಎಣ್ಣೆ ಬಣ್ಣ ಬಳಿದರೆ ಒಣಗಿದ ಬಣ್ಣ ಗಡುಸಾಗಿ, ಸುತ್ತಲಿನ ಬಟ್ಟೆ ಮಡಿಕೆ ಮಡಿಕೆಯಲ್ಲೂ ಸೀಳುತ್ತದೆ. ಬೆಳಕು ರೇಷ್ಮೆಯ ಎಳೆಯನ್ನೇ ಪುಡಿ ಮಾಡುತ್ತದೆ. ಇವೆರಡರಿಂದ ಪಾರಾದದ್ದನ್ನು ಅಭಿಮಾನಿಗಳು ಕತ್ತರಿಸಿ ನೆನಪಿನ ತುಂಡುಗಳಾಗಿ ಹಂಚಿದರು. 1814ರಲ್ಲಿ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರಿದ ದೊಡ್ಡ ರಾಷ್ಟ್ರಧ್ವಜ ಉಣ್ಣೆಯದಾದರೂ ಅದಕ್ಕೂ ಇದೇ ಗತಿಯಾಯಿತು. ಅದರ 42 ಅಡಿ ಉದ್ದದಲ್ಲಿ ಸುಮಾರು 8 ಅಡಿ ಹೋಗಿದೆ.

ಉಳಿದವುಗಳಲ್ಲಿ ಚರಿತ್ರಕಾರನಿಗೆ ಹೆಚ್ಚು ಸಂತೋಷ ಕೊಡುವುದು ಫಿಲಡೆಲ್ಫಿಯಾದ ಕುದುರೆ ಪಡೆಯದು. 1774ರ ನವೆಂಬರ್ 17ರಂದು ಕೂಡಿದ ಈ ಪಡೆ ಇಂದಿಗೂ ಇದೆ. ಅದರ ಮೊದಲ ಕ್ಯಾಪ್ಟನ್ ಏಬ್ರಹಾಂ ಮಾರ್ಕೊ ಬಾವುಟ ಮಾಡಿಸಿ ಕೊಟ್ಟ. ಅವನು ಡೆನ್ಮಾರ್ಕಿನ ಪ್ರಜೆ. ತನ್ನ ಪ್ರಜೆಗಳು ಈ ಜಗಳದಲ್ಲಿ ಸೇರಬಾರದೆಂದು ಆ ದೇಶದ ರಾಜ ಆಜ್ಞೆ ಹೊರಡಿಸಿದಾಗ ಪದವಿ ಬಿಟ್ಟ. ಬಾವುಟದ ವಿನ್ಯಾಸ ಜಾನ್ ಫೋಲ್ವೆಲ್‌ನದು. ಎರಡು ಬದಿಗೂ ಬಣ್ಣ, ಚಿನ್ನ, ಬೆಳ್ಳಿ ಲೇಪಿಸಿದವನು ಜೇಮ್ಸ್ ಕ್ಲೇಪೂಲ್. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು 1775ರ ಸೆಪ್ಟೆಂಬರಿನ ಅವರಿಬ್ಬರ ಬಿಲ್ಲುಗಳು ಉಳಿದಿರುವುದರಿಂದ. ಬಾವುಟದ ಮೇಲ್ಮೂಲೆಯಲ್ಲಿ, ಬಂಡೆದ್ದ ವಸಾಹತಿಗೆ ಒಂದರಂತೆ, ಹದಿಮೂರು ನೀಲಿ-ಬೆಳ್ಳಿ ಪಟ್ಟೆಗಳಿವೆ. ಅವುಗಳ ಅಡಿಯಲ್ಲಿ, ಬಣ್ಣದ ಪದರದ ಕೆಳಗೆ, ಮೊದಲು ಬರೆದಿದ್ದ ಬ್ರಿಟಿಷ್ ಯೂನಿಯನ್ ಚಿಹ್ನೆ ಇನ್ನೂ ಕಾಣಸಿಗುತ್ತದೆ. ಒಂದು ರಾಜಕೀಯ ನಿರ್ಧಾರ ಕುಂಚದಿಂದ ಜಾರಿಯಾದದ್ದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಮ್ಯಾಸಚೂಸೆಟ್ಸ್‌ನ ಮ್ಯಾಂಚೆಸ್ಟರ್ ಊರಿನ ಫಾರ್ಸ್ಟರ್ ಬಾವುಟದಲ್ಲಿ ಅದೇ ನಿರ್ಧಾರ ಸೂಜಿಯಿಂದ ಆಗಿದೆ. ಕಡುಗೆಂಪು ರೇಷ್ಮೆಯ ಮೂಲೆಯಲ್ಲಿದ್ದ ಬ್ರಿಟಿಷ್ ಚಿಹ್ನೆಯನ್ನು ಬಿಚ್ಚಿ, ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಆರು, ಒಟ್ಟು ಹದಿಮೂರು ಬಿಳಿ ಪಟ್ಟಿಗಳನ್ನು ಹೊಲಿದಿದ್ದಾರೆ. ಪೆನ್ಸಿಲ್ವೇನಿಯಾದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಜಾನ್ ಪ್ರಾಕ್ಟರನ ಪಡೆ ಮಾತ್ರ ಹಾಗೆ ಮಾಡಲಿಲ್ಲ. 1775ರ ಮೇ ತಿಂಗಳಲ್ಲಿ ಹ್ಯಾನಾಸ್‌ಟೌನ್‌ನಲ್ಲಿ ಸೇರಿದ ಜನ ಬ್ರಿಟಿಷ್ ಸಂಸತ್ತಿನ ದಬ್ಬಾಳಿಕೆಯನ್ನು ಎದುರಿಸುವ ನಿರ್ಣಯ ಮಾಡಿ ಈ ಪಡೆ ಕಟ್ಟಿದರು. ಅದೇ ನಿರ್ಣಯದಲ್ಲಿ ರಾಜನಿಗೆ ನಿಷ್ಠೆಯನ್ನೂ ಹೇಳಿಕೊಂಡರು. ಅವರ ಕೆಂಪು ಬಾವುಟದಲ್ಲಿ ಯೂನಿಯನ್ ಚಿಹ್ನೆ ಮೂಲೆಯಲ್ಲೇ ಉಳಿದಿದೆ. ನಡುವೆ ಹದಿಮೂರು ಗಿಲಕಿಗಳ ಬುಡುಬುಡಿಕೆ ಹಾವು, ‘ನನ್ನನ್ನು ತುಳಿಯಬೇಡ’ ಎಂಬ ಎಚ್ಚರಿಕೆ, ಮೇಲೆ ಪ್ರಾಕ್ಟರನ ಹೆಸರು ಮತ್ತು ಪಡೆಯ ಹೆಸರಿನ ಮೊದಲಕ್ಷರಗಳು. ನಿಷ್ಠೆ ಮತ್ತು ಪ್ರತಿಭಟನೆ ಒಂದೇ ಬಟ್ಟೆಯಲ್ಲಿ ಕೂಡಿರುವುದರಿಂದ 1775ರ ಜನರ ಮನಸ್ಸನ್ನು ಪಠ್ಯಪುಸ್ತಕಗಳಿಗಿಂತ ಇದು ಚೆನ್ನಾಗಿ ಹೇಳುತ್ತದೆ. ಬಾವುಟ ಹೊತ್ತ ಕ್ರೇಗ್ ಮನೆತನದಲ್ಲಿ ತಲೆಮಾರುಗಳವರೆಗೆ ಉಳಿದು, ಈಗ ಹ್ಯಾರಿಸ್‌ಬರ್ಗ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿದೆ.

ಇದೇ ಹಾವು, ಇದೇ ಎಚ್ಚರಿಕೆ ಇದ್ದ ವರ್ಜೀನಿಯಾದ ಕಲ್ಪೆಪರ್ ಪಡೆಯ ಬಾವುಟ ಇಂದು ಎಲ್ಲೆಡೆ ಮಾರಾಟವಾಗುತ್ತದೆ. ಅದರ ಮೂಲವೇ ಉಳಿದಿಲ್ಲ. 19ನೆಯ ಶತಮಾನದ ವರ್ಣನೆ ಮತ್ತು ಚಿತ್ರದ ಆಧಾರದ ಮೇಲೆ ಪ್ರತಿಗಳು ಹುಟ್ಟಿದವು, ಪ್ರತಿಗಳ ಪ್ರತಿಗಳು ಹಬ್ಬಿದವು.

ಮನೆತನದ ಮಾತನ್ನು ಎಷ್ಟು ನಂಬಬೇಕು? ಈ ಕ್ಷೇತ್ರದ ಹೆಚ್ಚಿನ ಜಗಳ ಇರುವುದು ಇಲ್ಲಿ. ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುದುರೆ ಪಡೆಯ ಪುಟ್ಟ ಬಾವುಟವೊಂದಿದೆ; ಎರಡೂವರೆ ಅಡಿಯೂ ಇಲ್ಲದ ಕಡುಗೆಂಪು ಹೂಬಳ್ಳಿ ನೇಯ್ಗೆಯ ರೇಷ್ಮೆ, ಮೋಡದೊಳಗಿಂದ ಕತ್ತಿ ಹಿಡಿದು ಹೊರಬಂದ ತೋಳು. ಕ್ರಾಂತಿಯ ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ನಥಾನಿಯಲ್ ಪೇಜ್ ಇದನ್ನು ಹಿಡಿದು ಕಾಂಕರ್ಡ್ ಕಾಳಗಕ್ಕೆ ಹೋದನೆಂದು ಪೇಜ್ ಮನೆತನ ಹೇಳಿಕೊಂಡು ಬಂದಿದೆ. ಇಂಥದೇ ಚಿತ್ರದ ಬಾವುಟವನ್ನು 17ನೆಯ ಶತಮಾನದಲ್ಲಿ ಮ್ಯಾಸಚೂಸೆಟ್ಸ್‌ನ ಕುದುರೆ ಪಡೆಗೆ ಲಂಡನ್ನಿನ ಚಿತ್ರಗಾರನೊಬ್ಬ ಸಿದ್ಧಪಡಿಸಿದ ದಾಖಲೆಯಿರುವುದರಿಂದ, ಬೆಡ್‌ಫರ್ಡ್‌ನದೂ ಅಷ್ಟೇ ಹಳೆಯದೆಂದು ಬಹುಕಾಲ ನಂಬಿದ್ದರು. ಬಣ್ಣ ಪರೀಕ್ಷಿಸಿದಾಗ ಅದರಲ್ಲಿ ಪ್ರಷ್ಯನ್ ನೀಲಿ ಸಿಕ್ಕಿತು. ಬರ್ಲಿನ್ನಿನಲ್ಲಿ ಆ ಬಣ್ಣವನ್ನು ಕಂಡುಹಿಡಿದದ್ದೇ 18ನೆಯ ಶತಮಾನದ ಮೊದಲ ದಶಕದಲ್ಲಿ. ಹಾಗಾಗಿ ಬಾವುಟ ಅದಕ್ಕಿಂತ ಹಿಂದಿನದಾಗಲಾರದು. ಕಾಂಕರ್ಡ್‌ನ ಮಾತನ್ನು ಈ ಪರೀಕ್ಷೆ ಸಾಬೀತೂ ಮಾಡಲಿಲ್ಲ, ಸುಳ್ಳೂ ಮಾಡಲಿಲ್ಲ. ಊರಿನವರು ಫಲಿತಾಂಶವನ್ನು ಮುಚ್ಚಿಡದೆ ಬಾವುಟದ ಕಥೆಯ ಭಾಗವಾಗಿಯೇ ಹೇಳುತ್ತಿರುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬೇರೆ ಕೆಲವು ಪ್ರಸಿದ್ಧ ಬಾವುಟಗಳಿಗೆ ಪರೀಕ್ಷೆ ಅಷ್ಟು ದಯೆ ತೋರಲಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಜವಳಿ ವಿಭಾಗದ ತಜ್ಞೆಯಾಗಿದ್ದ ಗ್ರೇಸ್ ರೋಜರ್ಸ್ ಕೂಪರ್ 1973ರಲ್ಲಿ ಹದಿಮೂರು ನಕ್ಷತ್ರದ ಬಾವುಟಗಳ ಗುರುತಿಸುವಿಕೆ ಕುರಿತು ಪುಸ್ತಕ ಪ್ರಕಟಿಸಿದರು. ಕಥೆಯನ್ನು ಬದಿಗಿಟ್ಟು ನೂಲನ್ನು ನೋಡಿ ಎಂಬುದು ಅವರ ದಾರಿ. ಎಳೆ ಕೈನೂಲೋ ಯಂತ್ರದ್ದೋ, ಹುರಿ ಯಾವ ಕಡೆಗೆ, ಹೊಲಿಗೆಯ ದಾರ ಅಗಸೆ ನಾರಿನದೋ ಹತ್ತಿಯದೋ, ಬಣ್ಣ ಗಿಡದ್ದೋ ರಾಸಾಯನಿಕವೋ? ಹೊಲಿಗೆ ಯಂತ್ರಕ್ಕೆ ಎಲಿಯಾಸ್ ಹೌ ಪೇಟೆಂಟ್ ಪಡೆದದ್ದು 1846ರಲ್ಲಿ. ಮೊದಲ ಅನಿಲೀನ್ ಬಣ್ಣ ಬಂದದ್ದು 1856ರಲ್ಲಿ. ಈ ತಾರೀಖುಗಳ ಮುಂದೆ ಯಾವ ವಂಶಾವಳಿಯೂ ನಿಲ್ಲದು. ವರ್ಮಾಂಟ್‌ನ ಬೆನಿಂಗ್ಟನ್ ಬಾವುಟದ ಮೂಲೆಯಲ್ಲಿ ‘76’ ಎಂಬ ಅಂಕಿಯಿದೆ. 1777ರ ಆಗಸ್ಟ್ 16ರ ಕಾಳಗದಲ್ಲಿ ಹಾರಿತೆಂದು ಫಿಲ್‌ಮೋರ್ ಮನೆತನದ ನಂಬಿಕೆ. ಅದರ ಹತ್ತಿ ನೂಲು 19ನೆಯ ಶತಮಾನದ ಯಂತ್ರದ್ದೆಂದು ಗೊತ್ತಾಯಿತು. ಅದೇ ಬೆನಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಆ ಕಾಳಗ ಗೆದ್ದ ಜನರಲ್ ಜಾನ್ ಸ್ಟಾರ್ಕನ ಮನೆತನದಿಂದ ಬಂದ ಹಸಿರು ಬಾವುಟದ ಚೂರೊಂದಿದೆ. ನೋಡುವವರು ನಿಲ್ಲುವುದು ದೊಡ್ಡ ‘76’ರ ಮುಂದೆ, ಹಳೆಯದೆಂಬ ಹಕ್ಕು ಗಟ್ಟಿಯಾಗಿರುವುದು ಚೂರಿಗೆ.

ಉತ್ತರ ಕರೊಲೈನಾದ ಗಿಲ್‌ಫರ್ಡ್ ಕೋರ್ಟ್‌ಹೌಸ್ ಬಾವುಟವನ್ನು, ಕೆಂಪು-ನೀಲಿ ಪಟ್ಟೆ, ಬಿಳಿಯ ಮೇಲೆ ಎಂಟು ಮೂಲೆಯ ನೀಲಿ ನಕ್ಷತ್ರ, 1781ರ ಮಾರ್ಚ್ 15ರಂದು ಊರ ಪಡೆಯೊಂದು ಹಿಡಿದಿತ್ತೆಂದು ಹೇಳುತ್ತಿದ್ದರು. ಈಗಿನ ಅಧ್ಯಯನ ಅದನ್ನು ಬ್ರಿಟನ್ನಿನೊಂದಿಗೆ ನಡೆದ 1812ರ ಯುದ್ಧದ ಸುಮಾರಿಗೆ ತಂದಿದೆ. ಪೆನ್ಸಿಲ್ವೇನಿಯಾದ ಈಸ್ಟನ್ ಬಾವುಟದಲ್ಲಿ ನಕ್ಷತ್ರಗಳು ಮೈಯಲ್ಲಿ, ಪಟ್ಟೆಗಳು ಮೂಲೆಯಲ್ಲಿ. ಸ್ವಾತಂತ್ರ್ಯ ಘೋಷಣೆ ಓದಿದ 1776ರ ಜುಲೈ 8ರಂದು ಹಾರಿತೆಂಬುದು ಊರಿನ ನಂಬಿಕೆ. ಗಟ್ಟಿ ದಾಖಲೆ ಇರುವುದು 1814ರಲ್ಲಿ ಕ್ಯಾಪ್ಟನ್ ಏಬ್ರಹಾಂ ಹಾರ್ನನ ತುಕಡಿ ಒಯ್ದದ್ದಕ್ಕೆ. ಇಂಥ ಬಾವುಟಗಳನ್ನು ‘ನಕಲಿ’ ಎಂದು ತಳ್ಳುವುದು ಅನ್ಯಾಯ. ಅವನ್ನು ಮಾಡಿದವರು ಯಾರಿಗೂ ಮೋಸ ಮಾಡಲಿಲ್ಲ. ಮೊಮ್ಮಕ್ಕಳ ಪ್ರೀತಿ ತಾರೀಖನ್ನು ಮೂವತ್ತು ನಲವತ್ತು ವರ್ಷ ಹಿಂದಕ್ಕೆ ಎಳೆಯಿತು, ಅಷ್ಟೆ. 1814ರ ಊರ ಪಡೆಯ ಬಾವುಟವಾಗಿ ಈಸ್ಟನ್‌ನದು ಅಪೂರ್ವವೇ.

ಗಿಲ್‌ಫರ್ಡ್‌ನಲ್ಲಿ ಬ್ರಿಟಿಷರ ಸೇನಾಪತಿಯಾಗಿದ್ದವನು ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣದ ಗೋಡೆಯ ಹೊರಗೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡವನೂ ಅವನೇ. ಅವನು ಕರ್ನಲ್ ಆಗಿದ್ದ 33ನೆಯ ರೆಜಿಮೆಂಟಿನ ಕ್ಯಾಪ್ಟನ್ ವಿಲಿಯಂ ಡ್ಯಾನ್ಸಿ 1777ರ ಸೆಪ್ಟೆಂಬರಿನ ಬ್ರ್ಯಾಂಡಿವೈನ್ ಕಾಳಗಕ್ಕೆ ಕೆಲವೇ ದಿನ ಮುಂಚೆ ಡೆಲಾವೇರ್ ಮಿಲಿಶಿಯಾದ ಹಸಿರು ರೇಷ್ಮೆ ಬಾವುಟವೊಂದನ್ನು ವಶಪಡಿಸಿಕೊಂಡು ಇಂಗ್ಲೆಂಡಿಗೆ ಒಯ್ದ. ಅದೇ ರೆಜಿಮೆಂಟು 1799ರಲ್ಲಿ ಮಳವಳ್ಳಿಯಲ್ಲೂ ಶ್ರೀರಂಗಪಟ್ಟಣದಲ್ಲೂ ಮೈಸೂರಿನವರ ಮೇಲೆ ಕಾದಿತು. ಗೆದ್ದವನ ಮನೆಗೆ ಸೋತವನ ಬಾವುಟ ಸೇರುವುದು ಆ ಕಾಲದ ಪದ್ಧತಿ. ಅದರಿಂದ ಒಂದು ವಿಚಿತ್ರ ಲಾಭವೂ ಆಯಿತು. ಗೆದ್ದವನು ಎಲ್ಲಿ, ಎಂದು, ಯಾರಿಂದ ಕಿತ್ತುಕೊಂಡೆ ಎಂಬುದನ್ನು ಹೆಮ್ಮೆಯಿಂದ ನೆನಪಿಟ್ಟ; ಬಟ್ಟೆಯನ್ನು ಬಿಸಿಲಿಗೆ ಹಿಡಿಯಲಿಲ್ಲ, ಮೆರವಣಿಗೆಗೆ ತರಲಿಲ್ಲ, ತುಂಡು ಮಾಡಿ ಹಂಚಲಿಲ್ಲ. ಡ್ಯಾನ್ಸಿಯ ಬಾವುಟ 1927ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಾಗ ಡೆಲಾವೇರ್‌ನ ಇತಿಹಾಸ ಸಂಘಕ್ಕೆ ಸೇರಿ ಊರಿಗೆ ಮರಳಿತು.

ಮಾರುಕಟ್ಟೆಯನ್ನು ಬುಡಮೇಲು ಮಾಡಿದ್ದೂ ಸೋತವರ ಬಾವುಟಗಳೇ. ಬ್ರಿಟಿಷ್ ಕುದುರೆ ಪಡೆಯ ಬ್ಯಾನಾಸ್ಟರ್ ಟಾರ್ಲ್‌ಟನ್ 1779ರಲ್ಲಿ ನ್ಯೂಯಾರ್ಕಿನ ಪೌಂಡ್ ರಿಡ್ಜ್‌ನಲ್ಲಿ ಒಂದು, 1780ರಲ್ಲಿ ದಕ್ಷಿಣ ಕರೊಲೈನಾದ ವ್ಯಾಕ್ಸ್‌ಹಾಸ್‌ನಲ್ಲಿ ಮೂರು ಬಾವುಟ ಕಿತ್ತುಕೊಂಡಿದ್ದ. ಅವು ಅವನ ವಂಶದವರಲ್ಲೇ ಉಳಿದಿದ್ದವು. 2006ರ ಜೂನ್ 14ರಂದು, ಅಮೆರಿಕನ್ನರು ಧ್ವಜ ದಿನ ಆಚರಿಸುವ ದಿನವೇ, ನ್ಯೂಯಾರ್ಕಿನ ಸೋದಬೀಸ್ ಅವುಗಳನ್ನು ಹರಾಜಿಗಿಟ್ಟಿತು. ಮೊದಲನೆಯದಕ್ಕೆ 1 ಕೋಟಿ 23 ಲಕ್ಷ ಡಾಲರ್, ಉಳಿದ ಮೂರಕ್ಕೆ ಸೇರಿ 50 ಲಕ್ಷ ಡಾಲರ್ ದಾಟಿತು. ಇವು ಕಾಂಟಿನೆಂಟಲ್ ಸೈನ್ಯದವು, ಊರ ಪಡೆಗಳವಲ್ಲ. ಆದರೆ ಅಂದಿನಿಂದ ಹಳೆಯ ಬಾವುಟವಿದ್ದ ಎಲ್ಲ ಮನೆ, ಗ್ರಂಥಾಲಯ, ಸಂಘಗಳಿಗೂ ವಿಮೆಯ ಚಿಂತೆ ಶುರುವಾಯಿತು. ನೂರು ವರ್ಷ ಗೋಡೆಯ ಮೇಲೆ ನಿಶ್ಚಿಂತೆಯಿಂದಿದ್ದ ವಸ್ತು ಬೀಗದ ಕೋಣೆ ಸೇರುವಂತಾಯಿತು.

ಬಾವುಟ ಸಂಗ್ರಹ ಇಷ್ಟು ದೂರ ಬಂದ ದಾರಿ ನೇರವಲ್ಲ. ಘೆರಾರ್ಡಿ ಡೇವಿಸ್ 1907ರಲ್ಲಿ ಕ್ರಾಂತಿ ಯುದ್ಧದ ರೆಜಿಮೆಂಟು ಬಾವುಟಗಳನ್ನು ಪುಸ್ತಕವಾಗಿ ಕೂಡಿಸಿದರು. 1957ರಲ್ಲಿ ಹದಿಹರೆಯದ ವಿಟ್ನಿ ಸ್ಮಿತ್ ಬಾವುಟ ಶಾಸ್ತ್ರಕ್ಕೆ ‘ವೆಕ್ಸಿಲಾಲಜಿ’ ಎಂದು ಹೆಸರಿಟ್ಟು, ಮುಂದೆ ಅದಕ್ಕಾಗಿಯೇ ಜೀವನ ಮುಡಿಪಿಟ್ಟರು. 1973ರಲ್ಲಿ ಮಸ್ತಾಯ್ ದಂಪತಿಗಳ ಪುಸ್ತಕ ಬಂದ ಮೇಲೆ ಹಳೆಯ ಬಾವುಟವನ್ನು ಜನಪದ ಕಲೆಯಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುವ ಅಭಿರುಚಿ ಬೆಳೆಯಿತು. ಎಡ್ವರ್ಡ್ ರಿಚರ್ಡ್‌ಸನ್ 1982ರಲ್ಲಿ ಕ್ರಾಂತಿಯ ಕಾಲದ ಬಾವುಟಗಳ ಅತ್ಯಂತ ಉಪಯುಕ್ತ ಸಮೀಕ್ಷೆ ಕೊಟ್ಟರು. ಜನಪದ ಕಲೆಯ ಅಭಿರುಚಿ ಬಹಳಷ್ಟು ಬಾವುಟಗಳನ್ನು ಕಸದಿಂದ ಉಳಿಸಿತು ಎಂಬುದನ್ನು ಒಪ್ಪಬೇಕು. ಆದರೆ ಅದು ಚಂದವನ್ನು ಹುಡುಕಿತು, ಊರನ್ನು ಕೇಳಲಿಲ್ಲ. ನಕ್ಷತ್ರಗಳ ಜೋಡಣೆ ಅಪರೂಪವಾಗಿದ್ದರೆ ಬೆಲೆ ಏರಿತು. ಜೊತೆಗಿದ್ದ ಕಾಗದ, ಹೆಸರು, ಪತ್ರ ಉದುರಿಹೋದರೂ ಬೆಲೆ ಇಳಿಯಲಿಲ್ಲ.

ಹದಿಮೂರು ನಕ್ಷತ್ರ ಕಂಡ ಕೂಡಲೇ ಕ್ರಾಂತಿಯ ಕಾಲದ್ದೆಂದು ಹಿಗ್ಗುವವರು ಇಂದಿಗೂ ಇದ್ದಾರೆ. ಅಮೆರಿಕದ ನೌಕಾಪಡೆ ಸಣ್ಣ ದೋಣಿಗಳ ಬಾವುಟದಲ್ಲಿ 20ನೆಯ ಶತಮಾನದ ಎರಡನೆಯ ದಶಕದವರೆಗೂ ಹದಿಮೂರೇ ನಕ್ಷತ್ರ ಬಳಸುತ್ತಿತ್ತು. 1876ರ ಶತಮಾನೋತ್ಸವಕ್ಕೆ ಹದಿಮೂರು ನಕ್ಷತ್ರದ ಬಾವುಟಗಳು ರಾಶಿಯಾಗಿ ಹೊರಬಂದವು. ಮೊದಲ ರಾಷ್ಟ್ರಧ್ವಜ ಹೊಲಿದವಳೆಂದು ಜನ ನಂಬುವ ಬೆಟ್ಸಿ ರಾಸ್‌ಳ ವಂಶದ ಹೆಂಗಸರು 20ನೆಯ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲೇ ಕುಳಿತು ಅಂಥ ಪುಟ್ಟ ಬಾವುಟಗಳನ್ನು ಕೈಯಲ್ಲಿ ಹೊಲಿದು ಮಾರುತ್ತಿದ್ದರು. ಕೈಹೊಲಿಗೆಯೊಂದೇ ಹಳಮೆಯ ಸಾಕ್ಷಿಯಾಗದು.

ಬಾಸ್ಟನ್ನಿನ ‘ಬಕ್ಸ್ ಆಫ್ ಅಮೆರಿಕ’ ಬಾವುಟದ ವಿಷಯವೇ ಬೇರೆ. ಅದು ಕಪ್ಪು ಜನರ ತುಕಡಿ. ನಾಯಕ ಜಾರ್ಜ್ ಮಿಡಲ್‌ಟನ್. ಬಿಳಿ ರೇಷ್ಮೆಯ ಮೇಲೆ ಪೈನ್ ಮರ, ಓಡುವ ಗಂಡುಜಿಂಕೆ, ಮೂಲೆಯಲ್ಲಿ ಹದಿಮೂರು ನಕ್ಷತ್ರ, ಜಾನ್ ಹ್ಯಾನ್‌ಕಾಕ್ ಮತ್ತು ಜಾರ್ಜ್ ವಾಷಿಂಗ್ಟನ್ನರ ಮೊದಲಕ್ಷರಗಳು. ಹ್ಯಾನ್‌ಕಾಕ್ ತನ್ನ ಮನೆಯ ಮುಂದೆ ನಿಂತು ಇದನ್ನು ಅವರಿಗೆ ಒಪ್ಪಿಸಿದನೆಂದು ಹೇಳಿಕೆ. ಆ ತುಕಡಿಯ ಸೇವೆಯ ಬಗ್ಗೆ ಅಧಿಕೃತ ಕಾಗದಗಳು ಏನೂ ಹೇಳುವುದಿಲ್ಲವೆನ್ನುವಷ್ಟು ಮೌನವಾಗಿವೆ. ಕ್ರಾಂತಿಯಲ್ಲಿ ಹೋರಾಡಿದ ಕಪ್ಪು ಜನರ ಚರಿತ್ರೆಯನ್ನು 1855ರಲ್ಲಿ ಬರೆದ ವಿಲಿಯಂ ಕೂಪರ್ ನೆಲ್ ಈ ಬಾವುಟವನ್ನು 1862ರಲ್ಲಿ ಮ್ಯಾಸಚೂಸೆಟ್ಸ್ ಇತಿಹಾಸ ಸಂಘಕ್ಕೆ ತಂದುಕೊಟ್ಟರು. ಅಂತರ್ಯುದ್ಧ ನಡೆಯುತ್ತಿದ್ದ ವರ್ಷ ಅದು. ಕಪ್ಪು ಜನರಿಗೆ ಬಂದೂಕು ಕೊಡಬೇಕೆ ಎಂದು ದೇಶ ಚರ್ಚಿಸುತ್ತಿತ್ತು. ಇಲ್ಲಿ ಬಾವುಟ ಬೇರೊಂದು ದಾಖಲೆಗೆ ಪುರಾವೆಯಲ್ಲ, ತಾನೇ ಮುಖ್ಯ ದಾಖಲೆ. ಈ ಇಡೀ ಗುಂಪಿನಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವುದು ಇದನ್ನೇ. 1792ರ ಫೆಡರಲ್ ಮಿಲಿಶಿಯಾ ಕಾನೂನು 18ರಿಂದ 45 ವಯಸ್ಸಿನ ಬಿಳಿಯ ಗಂಡಸರನ್ನು ಮಾತ್ರ ಪಡೆಗೆ ಕರೆಯಿತು. ಜಿಂಕೆಯ ಬಾವುಟ ಹೊತ್ತವರ ಮಕ್ಕಳನ್ನು ಆ ಕಾನೂನು ಹೊರಗಿಟ್ಟಿತು.

ಅದೇ ಕಾನೂನು ಪ್ರತಿ ಬೆಟಾಲಿಯನ್‌ಗೂ ರಾಜ್ಯದ ಮತ್ತು ರೆಜಿಮೆಂಟಿನ ಬಾವುಟಗಳನ್ನು ಮೇಲಧಿಕಾರಿಗಳೇ ಒದಗಿಸಬೇಕೆಂದಿತು. ಸರ್ಕಾರ ಕೊಡುವುದಿಲ್ಲ, ನೀವೇ ಮಾಡಿಸಿಕೊಳ್ಳಿ. ಹಾಗಾಗಿ ಮುಂದಿನ ಐವತ್ತು ವರ್ಷ ಊರೂರಿನ ಚಿತ್ರಗಾರರಿಗೆ ಕೈತುಂಬ ಕೆಲಸ. ಹೋಟೆಲಿನ ಬೋರ್ಡು, ಸಾರೋಟಿನ ಬದಿ, ಬೆಂಕಿ ಆರಿಸುವ ಚರ್ಮದ ಬಕೆಟ್ಟು ಬರೆಯುವವರೇ ರೇಷ್ಮೆಯ ಮೇಲೆ ಹದ್ದು, ರಾಜ್ಯ ಲಾಂಛನ ಬರೆದರು. ಬಾಸ್ಟನ್ನಿನ ಜಾನ್ ರಿಟೊ ಪೆನ್ನಿಮನ್ ಅವರಲ್ಲಿ ಒಬ್ಬ. ಹಳೆಯ ಬಾವುಟಗಳನ್ನು ಕಾಪಾಡಿದ್ದರಲ್ಲೂ ಆ ಕಾಲದ ಸ್ವಯಂಸೇವಕ ತುಕಡಿಗಳ ಪಾಲಿದೆ. ಚಾರ್ಲ್ಸ್‌ಟನ್ನಿನ ವಾಷಿಂಗ್ಟನ್ ಲೈಟ್ ಇನ್‌ಫೆಂಟ್ರಿಗೆ 1827ರಲ್ಲಿ ಕರ್ನಲ್ ವಿಲಿಯಂ ವಾಷಿಂಗ್ಟನ್ನನ ವಿಧವೆ ಜೇನ್, ಗಂಡನ ಕುದುರೆ ಪಡೆಯ ಕಡುಗೆಂಪು ಬಾವುಟವನ್ನು ಒಪ್ಪಿಸಿದಳು. ತುಕಡಿ ಅದನ್ನು ಇಂದಿಗೂ ಇಟ್ಟುಕೊಂಡಿದೆ.

1792ರಿಂದ 1840ರವರೆಗಿನ ಬಾವುಟಗಳು ಕ್ರಾಂತಿಯದಕ್ಕಿಂತ ಹೆಚ್ಚು ಉಳಿದಿವೆ, ಆದರೆ ಅವುಗಳ ಮೇಲೆ ನಡೆದ ಅಧ್ಯಯನ ಕಡಿಮೆ. ಅವು ಯಾವ ರಾಷ್ಟ್ರೀಯ ಕಥೆಗೂ ಬೇಕಾಗಿಲ್ಲ, ಕಾಳಗ ಕಂಡವು ವಿರಳ. ಇತಿಹಾಸ ಸಂಘಗಳ ಅಟ್ಟದಲ್ಲಿ ಮಡಚಿಟ್ಟ ರೇಷ್ಮೆ ಮಡಿಕೆಯಲ್ಲೇ ಸೀಳುತ್ತಿರುತ್ತದೆ. ಬಿಡಿಸಿ ಚಪ್ಪಟೆಯಾಗಿ ಮಲಗಿಸಲು ದೊಡ್ಡ ಡ್ರಾಯರು ಬೇಕು, ಸಂರಕ್ಷಕರ ಶುಲ್ಕ ಸಣ್ಣ ಸಂಘದ ವರ್ಷದ ಆದಾಯವನ್ನೇ ನುಂಗಬಹುದು. ಹಳೆಯ ಕಾಲದ ದುರಸ್ತಿಯೂ ಈಗ ಹೊರೆ. ಅಮೀಲಿಯಾ ಫೌಲರ್ 1914ರಲ್ಲಿ ಮೆಕ್‌ಹೆನ್ರಿ ಕೋಟೆಯ ಬಾವುಟಕ್ಕೆ ನಾರುಬಟ್ಟೆಯ ಆಸರೆ ಕೊಟ್ಟು ಸುಮಾರು 17 ಲಕ್ಷ ಹೊಲಿಗೆ ಹಾಕಿಸಿದರು. ಅಂದಿನ ಮಟ್ಟಿಗೆ ಅದು ಬಾವುಟ ಉಳಿಸಿದ ಕೆಲಸ. 1999ರಲ್ಲಿ ಆ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸಬೇಕಾಯಿತು.

2025ರಲ್ಲಿ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯ, ಹಲವು ಊರುಗಳಲ್ಲಿ ಚದುರಿದ್ದ ಕ್ರಾಂತಿಯ ಬಾವುಟಗಳನ್ನು ಕೆಲವು ತಿಂಗಳ ಮಟ್ಟಿಗೆ ಒಂದೇ ಸೂರಿನಡಿ ತಂದಿತು. ನಂತರದ ಐವತ್ತು ವರ್ಷಗಳ ಬಾವುಟಗಳಿಗೂ ಇಂಥ ಕೂಟ ಬೇಕು. ಅದಕ್ಕೆ ಮೊದಲು ಆಗಬೇಕಾದ ಕೆಲಸ ದೊಡ್ಡ ಹಣದ್ದಲ್ಲ: ಊರ ಪಡೆಯ ಹಾಜರಿ ಪಟ್ಟಿ, ಚಿತ್ರಗಾರನ ಲೆಕ್ಕದ ಪುಸ್ತಕ, ಬಾವುಟ ಒಪ್ಪಿಸಿದ ದಿನದ ಸ್ಥಳೀಯ ಪತ್ರಿಕೆ, ಇವನ್ನು ಬಟ್ಟೆಯ ಪಕ್ಕದಲ್ಲಿಟ್ಟು ಓದುವುದು. ಇಂಥ ಬಾವುಟಗಳು ಇನ್ನೂ ಸಣ್ಣ ಹರಾಜುಗಳಲ್ಲಿ ಬಂದು ಹೋಗುತ್ತಿರುತ್ತವೆ. ಕೊಳ್ಳುವವರು ಮಾರುವವರನ್ನು ಮೊದಲು ಕೇಳಬೇಕಾದದ್ದು ನಕ್ಷತ್ರ ಎಷ್ಟು ಎಂದಲ್ಲ. ಇದು ಯಾವ ಊರಿನದು, ಯಾರ ಮನೆಯಿಂದ ಬಂತು, ಇದರ ಜೊತೆ ಪೆಟ್ಟಿಗೆಯಲ್ಲಿ ಇನ್ನೇನಿತ್ತು ಎಂದು. ಕೊಂಡ ಮೇಲೆ ಬಾವುಟವನ್ನು ಮುಂದಿನವರಿಗೆ ದಾಟಿಸುವಾಗ ಆ ಉತ್ತರಗಳನ್ನೂ ಬರೆದು ಜೊತೆಗಿಡಬೇಕು.